ಮೂವರ ಸೀಟಿನಲ್ಲಿ ಭಾಗಮ್ಮನ ಭಾಗ

ಹೋದ ವಾರ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ರೈಲಿನ ಪಾಸಿಗಾಗಿ ಕೈಚೀಲದ ಒಳಜೇಬನ್ನು ತಡಕುತ್ತಿದ್ದಾಗ, ಬೆರಳಿಗೆ ಸುತ್ತಿಕೊಂಡು ಹೊರಬಂದದ್ದು ಪಾಸಲ್ಲ, ಬಟ್ಟೆ ಹೊಲಿಯುವವರು ಬಳಸುವ ಅಳತೆಯ ಟೇಪು. ಹಳದಿ ಬಣ್ಣ ಮಾಸಿತ್ತು. ಹನ್ನೆರಡನೆಯ ಇಂಚಿನ ಬಳಿ ಒಂದು, ಹದಿನಾರನೆಯ ಇಂಚಿನ ಬಳಿ ಒಂದು ನೀಲಿ ಗೆರೆ ಮಾತ್ರ ಇನ್ನೂ ಉಳಿದಿದ್ದವು. ಎದುರಿಗೆ ಕೈಚಾಚಿ ನಿಂತಿದ್ದ ಟಿಕೆಟ್ ತಪಾಸಣೆಯ ಮಹಿಳೆ ಅದನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಯೇ ನಹೀಂ ಚಲೇಗಾ", ಇದು ನಡೆಯುವುದಿಲ್ಲ, ಎಂದರು. ಪಾಸು ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ನನ್ನ ಮನಸ್ಸು ಮಾತ್ರ ಹತ್ತು ಹನ್ನೆರಡು ವರ್ಷ ಹಿಂದಕ್ಕೆ, ಠಾಣೆಯಿಂದ ವಾಶಿಗೆ ಹೊಸದಾಗಿ ರೈಲು ಓಡಲು ಶುರುವಾಗಿದ್ದ ಕಾಲಕ್ಕೆ ಹೋಗಿಬಿಟ್ಟಿತ್ತು.

ನಮ್ಮ ಕಡೆಯ ಲೋಕಲ್ ರೈಲನ್ನು ಹತ್ತದ ಓದುಗರು ನೀವಾಗಿದ್ದರೆ, ಮೊದಲು 'ಚೌಥಾ ಸೀಟ್' ಎಂಬ ಪದ್ಧತಿಯನ್ನು ನಿಮಗೆ ತಿಳಿಸಬೇಕು. ಎರಡನೆಯ ದರ್ಜೆಯ ಬೆಂಚು ಮೂವರಿಗಾಗಿ ಮಾಡಿದ್ದು. ನಾಲ್ಕನೆಯವಳು ಬಂದು ತುದಿಯಲ್ಲಿ ಕುಳಿತವಳ ಮಂಡಿಯ ಮೇಲೆ ಎರಡು ಬೆರಳಿನಿಂದ ತಟ್ಟಿ "ಸರ್ಕೋ" ಎನ್ನುತ್ತಾಳೆ. ಮೂವರೂ ನಿಟ್ಟುಸಿರಿಟ್ಟು ಸರಿದಂತೆ ಮಾಡುತ್ತಾರೆ. ನಾಲ್ಕನೆಯವಳು ತನ್ನ ದೇಹದ ಒಂದಿಷ್ಟನ್ನು ಬೆಂಚಿಗೆ ಒಪ್ಪಿಸಿ, ಉಳಿದದ್ದನ್ನು ನಡುದಾರಿಯ ಗಾಳಿಯಲ್ಲಿ ನಿಲ್ಲಿಸಿಕೊಂಡು, ಕುಳಿತೆ ಎಂದು ನಂಬುತ್ತಾಳೆ. ನಾಲ್ವರು ಹೆಂಗಸರಿಗೆ ಮೂವರ ಬೆಂಚು ಹಾಕಿ, ಅವರವರೇ ಜಗಳವಾಡಿಕೊಳ್ಳಲಿ ಎಂದು ಬಿಡುವುದು ಅನ್ಯಾಯ. ಆ ಜಗಳದಲ್ಲಿ ಕಡೆಗೆ ಬಂದವಳಿಗೆ ಯಾವಾಗಲೂ ಕಡಿಮೆ ಸಿಗುವುದು ಇನ್ನೊಂದು ಅನ್ಯಾಯ. ಈ ಎರಡನ್ನೂ ನಾನು ಸಂಬಂಧಪಟ್ಟವರಿಗೆ ಬರೆದು ತಿಳಿಸಿದ್ದೇನೆ. ಬೆಂಚು ಇನ್ನೂ ಅಷ್ಟೇ ಉದ್ದವಿದೆ.

ಹೀಗೆ ಬರೆದು ತಿಳಿಸುವ ಅಭ್ಯಾಸ ನನಗೆ ಬಂದದ್ದು ಶಾಲೆಯಿಂದ. ನಾನು ಓದಿದ ಶಾಲೆಯಲ್ಲಿ ಗಂಟೆ ಬಾರಿಸುತ್ತಿರಲಿಲ್ಲ. ಮಕ್ಕಳಿಗೆ ಕಲಿಕೆ ಮುಗಿದಿದೆ ಅನ್ನಿಸಿದಾಗ ಪಾಠ ಮುಗಿಯುತ್ತಿತ್ತು. ಪರೀಕ್ಷೆ ಇರಲಿಲ್ಲ, ಹೊಡೆತ ಇರಲಿಲ್ಲ, ಯಾವುದನ್ನೂ 'ಯಾಕೆ' ಎಂದು ಕೇಳದೆ ಒಪ್ಪುವಂತಿರಲಿಲ್ಲ. ಹಾಗೆ ಬೆಳೆದವಳು ಠಾಣೆಯ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು ಕೆಲಸ ಮಾಡುವ ಒಂದು ಸಣ್ಣ ಕಚೇರಿಗೆ ಸೇರಿದೆ. ಭಾನುವಾರ ಬೆಳಿಗ್ಗೆ ಮಾತ್ರ ವಾಶಿಯ ಪಕ್ಕದ ಸಾನಪಾಡಾದ ಕನ್ನಡ ಸಂಘದ ಮಹಡಿಯಲ್ಲಿ, ಕಟ್ಟಡದ ಕೆಲಸಕ್ಕೆ ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಸಂಘದ ಬೀಗದ ಕೈ ಇರುತ್ತಿದ್ದದ್ದು ವಾರಿಜಕ್ಕನ ಬಳಿ. ವಾರಿಜಕ್ಕ ಉಡುಪಿಯ ಕಡೆಯವರು. ಅದೇ ಬಡಾವಣೆಯಲ್ಲಿ ರವಿಕೆ ಹೊಲಿಯುತ್ತಿದ್ದರು. ಬೀಗ ತೆಗೆಯಲೆಂದು ಬಂದವರು ಹೊರಟುಹೋಗಲು ಮನಸ್ಸಾಗದೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಅಲ್ಲಿಂದಲೇ ನನ್ನ ಪಾಠವನ್ನು ತಿದ್ದುತ್ತಿದ್ದರು.

ತಿದ್ದುಪಡಿ ಬೇಕಾಗಿಯೂ ಇತ್ತು. ಏಕೆಂದರೆ ಪಠ್ಯಪುಸ್ತಕದ ಲೆಕ್ಕಗಳನ್ನು ನಾನು ಇದ್ದ ಹಾಗೆ ಒಪ್ಪುತ್ತಿರಲಿಲ್ಲ. ನೀವೇ ನೋಡಿ: ಆ ಪುಸ್ತಕಗಳಲ್ಲಿ ಗೌಳಿಗರೆಲ್ಲ ಹಾಲಿಗೆ ನೀರು ಬೆರೆಸುವವರು. ಒಂದು ದುಡಿಯುವ ಸಮುದಾಯದ ಮೇಲೆ ತಲೆಮಾರುಗಟ್ಟಲೆ ಹೊರಿಸಿದ ಆರೋಪವಿದು, ಅದೂ ಶೇಕಡಾವಾರು. ರಾಮ ಯಾವಾಗಲೂ ಹೊಲ ಕೊಳ್ಳುತ್ತಾನೆ, ಸೀತೆ ಯಾವಾಗಲೂ ಲಾಡು ಹಂಚುತ್ತಾಳೆ. ಒಂದು ತೊಟ್ಟಿಗೆ ಒಂದು ನಲ್ಲಿಯಿಂದ ನೀರು ತುಂಬುತ್ತಿರುತ್ತದೆ, ಇನ್ನೊಂದರಿಂದ ಸೋರುತ್ತಿರುತ್ತದೆ; ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಬೇಕೆಂದು ಯಾವ ಲೇಖಕನಿಗೂ ತೋಚುವುದಿಲ್ಲ. ಕೆಳಗಿನ ರಸ್ತೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತವರ ಮಕ್ಕಳು ಮೇಲೆ ಕುಳಿತು ಅದು ಎಷ್ಟು ಹೊತ್ತಿಗೆ ತುಂಬುತ್ತದೆಂದು ಕಂಡುಹಿಡಿಯಬೇಕು.

ಆದ್ದರಿಂದ ಲೆಕ್ಕಗಳನ್ನು ನಾನೇ ಹೊಸದಾಗಿ ಬರೆದೆ. ಒಂದು ಮನೆಯಲ್ಲಿ ದಿನಕ್ಕೆ ಎಂಟು ಗಂಟೆಯಷ್ಟು ಮನೆಗೆಲಸವಿದೆ, ತಂದೆ ಅರ್ಧ ಗಂಟೆ ಮಾಡುತ್ತಾನೆ, ಹಾಗಾದರೆ ತಂದೆಯ ಪಾಲು ಎಷ್ಟನೆಯ ಒಂದು ಭಾಗ ಎಂದು ಕೇಳಿದೆ. ತರಗತಿ ಬಹಳ ಹೊತ್ತು ಯೋಚಿಸಿತು. ಕೊನೆಗೆ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಅಕ್ಕೋರ, ಉತ್ತರ ಸಿಕ್ತು."

"ಹೇಳಮ್ಮ."

"ಅವನಿಗಿ ಬೈಬೇಕ್ರಿ."

ಅದು ಭಾಗಮ್ಮ. ಹನ್ನೊಂದೋ ಹನ್ನೆರಡೋ ವಯಸ್ಸಿನ ಹುಡುಗಿ. ತಾಯಿ ವಾಶಿಯ ಬಳಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಭಾಗಮ್ಮ ಎಂಬುದು ಕಲಬುರಗಿಯ ಕಡೆ ದೇವಿಯ ಹೆಸರು, ಮನೆಗೊಬ್ಬಳಿಗೆ ಇಡುವಷ್ಟು ಪ್ರೀತಿಯ ಹೆಸರು. ಆದರೆ ಭಿನ್ನರಾಶಿಯ ತರಗತಿಗೆ ಅದಕ್ಕಿಂತ ತೊಡಕಿನ ಹೆಸರು ಬೇರೆ ಇರಲಾರದು. "ಇದನ್ನು ಮೂರು ಭಾಗ ಮಾಡಿ" ಎಂದರೆ "ಏನ್ರಿ ಅಕ್ಕೋರ?" ಎಂದು ಎದ್ದು ನಿಲ್ಲುತ್ತಿದ್ದಳು. "ಎರಡು ಭಾಗ ತೆಗೆದರೆ ಉಳಿದದ್ದೆಷ್ಟು?" ಎಂದರೆ ಹಿಂದಿನ ಸಾಲಿನವರು "ಭಾಗಿ, ನಿನಗ ತಗೀತಾರಂತ, ಹೊರಗ ನಡಿ" ಎಂದು ನಗುತ್ತಿದ್ದರು. 'ಕಾಲು' ಎಂದದ್ದಕ್ಕೆ ಅವಳ ಸ್ಲೇಟಿನಲ್ಲಿ ಒಂದು ಪಾದ, ಐದು ಬೆರಳು ಮೂಡಿದವು. 'ಮುಕ್ಕಾಲು' ಎಂದದ್ದಕ್ಕೆ ಮೂರು ಕಾಲಿನ ಸ್ಟೂಲು. ಅದು ತಪ್ಪೆಂದು ಹೇಳಲು ನನ್ನ ಶಾಲೆಯ ಸಂಸ್ಕಾರ ಅಡ್ಡ ಬಂತು. "ಸ್ಟೂಲು ಚೆನ್ನಾಗಿದೆ" ಎಂದೆ.

"ಚಂದ ಉಂಟು, ಅದ್ರಲ್ಲಿ ಕೂತ್ರೆ ಬೀಳ್ತದೆ ಅಷ್ಟೆ" ಎಂದರು ಹಿಂದಿನಿಂದ ವಾರಿಜಕ್ಕ.

ಅವಳ ನಿಜವಾದ ತೊಡಕು ಹೆಸರಿನಲ್ಲಿರಲಿಲ್ಲ. ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದು ಎಂದು ಅವಳು ನಂಬಿದ್ದಳು. "ನಾಕು ದೊಡ್ಡದಲ್ರಿ? ಮತ್ಯಾಂಗ ಸಣ್ಣದಾಗ್ತದ?" ನಾನು ರೊಟ್ಟಿ ಕತ್ತರಿಸಿ ತೋರಿಸಿದೆ. ತುಂಡು ಸಣ್ಣದೇ ಬಂತೆಂದು ಒಪ್ಪಿದಳು, ಆದರೆ ಅದು ನಾನು ಕತ್ತರಿಸಿದ ರೀತಿಯ ತಪ್ಪು ಎಂದಳು. ಬೇರೆ ಸಮಯದಲ್ಲಾದರೆ ಅವಳಿಗೇ ಒಂದು ದಿನ ಹೊಳೆಯಲಿ ಎಂದು ಕಾಯುತ್ತಿದ್ದೆ. ಕಾಯುವಂತಿರಲಿಲ್ಲ. ಹತ್ತಿರದ ಮರಾಠಿ ಶಾಲೆಯೊಂದಕ್ಕೆ ಅವಳನ್ನು ಸೇರಿಸಲು ಕೇಳಿದ್ದೆವು. ಊರೂರು ಅಲೆದ ಹುಡುಗಿಯ ಬಳಿ ಯಾವ ಶಾಲೆಯ ದಾಖಲೆಯೂ ಇರಲಿಲ್ಲ. ಅಲ್ಲಿನ ಹೆಡ್‌ಮಾಸ್ತರರು, ಬಾಯಿಲೆಕ್ಕದಲ್ಲಿ ಭಿನ್ನರಾಶಿ, ಶೇಕಡಾ ಕೇಳುತ್ತೇನೆ, ಬಂದರೆ ಆರನೆಯ ತರಗತಿ, ಬಾರದಿದ್ದರೆ ಎರಡನೆಯದು ಎಂದುಬಿಟ್ಟರು. ತಾಯ್ತಂದೆಯರ ವಲಸೆಗೆ ಮಗುವಿಗೆ ನಾಲ್ಕು ವರ್ಷದ ಶಿಕ್ಷೆ ವಿಧಿಸುವುದು ಎಂಥ ನ್ಯಾಯ ಎಂದು ನಾನು ವಾದ ಹೂಡಿದೆ. ಅವರು ಶಾಂತವಾಗಿ ಚಹಾ ಕುಡಿದರು.

ಹೊರಗೆ ಬಂದ ಮೇಲೆ ಭಾಗಮ್ಮ ಹೇಳಿದ್ದು ಇಷ್ಟೇ: "ಸಣ್ಣ ಹುಡುಗುರ ಸಂಗಟ ನಾ ಕೂಡಂಗಿಲ್ರಿ ಅಕ್ಕೋರ. ಎರಡನೇತ್ತಿಗೆ ಹಾಕಿದ್ರಂದ್ರ, ಅವ್ವನ ಸಂಗಟ ಇಟ್ಟಂಗಿ ಹೊರಾಕ ಹೋಗ್ತೀನಿ." ಅವಳು ಹೆದರಿಸುತ್ತಿರಲಿಲ್ಲ, ತಿಳಿಸುತ್ತಿದ್ದಳು.

ಅದಾದ ಮರು ಭಾನುವಾರ ಮಕ್ಕಳನ್ನು ಠಾಣೆಯ ಕೆರೆಯ ದಂಡೆಗೆ ಸುತ್ತಾಡಿಸಲು ಕರೆದೊಯ್ದೆವು. ಮರಳುವಾಗ ವಾಶಿಯ ರೈಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ಮೂವರು ಕುಳಿತಿದ್ದ ಬೆಂಚಿನ ಮುಂದೆ ನಾನು ನಿಂತಿದ್ದೆ. ನನಗೆ ಆಗ ಹೊಳೆದದ್ದನ್ನು ತಡೆಯಲು ವಾರಿಜಕ್ಕನಿಗೂ ಆಗಲಿಲ್ಲ.

"ಭಾಗಮ್ಮ, ಈ ಬೆಂಚಿನಲ್ಲಿ ನನಗೂ ಸೇರಿ ನಾಲ್ವರಿಗೆ ಸಮಪಾಲು. ಒಬ್ಬೊಬ್ಬರಿಗೆ ಎಷ್ಟು ಸೀಟು?"

ಭಾಗಮ್ಮ ಬೆಂಚನ್ನು ನೋಡಿದಳು, ನನ್ನನ್ನು ನೋಡಿದಳು. "ಆ ಮೂರು ಮಂದಿಗಿ ಒಂದೊಂದು ಸೀಟು. ನಿಮಗ ಒಂಚೂರು."

"ಅದು ಅನ್ಯಾಯ. ಸಮಪಾಲು ಎಂದರೆ?"

"ಸಮಪಾಲು ಯಾರು ಕೊಡ್ತಾರ್ರಿ, ನೀವ್ ಸುಮ್ನ ಕೇಳ್ತೀರಿ."

ನಾನು ವಾರಿಜಕ್ಕನ ಚೀಲದಿಂದ ಟೇಪು ತೆಗೆದೆ. ಬೆಂಚನ್ನು ಅಳೆಯಬೇಕು, ದಯವಿಟ್ಟು ಎಲ್ಲರೂ ಒಂದು ನಿಮಿಷ ಬೆನ್ನು ಮುಂದಕ್ಕೆ ತನ್ನಿ ಎಂದು ನನ್ನ ಶುದ್ಧ ಹಿಂದಿಯಲ್ಲಿ ಕೇಳಿಕೊಂಡೆ. ಮುಂಬೈ ಸೀಮೆಯ ಪ್ರಯಾಣಿಕರು ಎಂಥದ್ದನ್ನೂ ಆಶ್ಚರ್ಯಪಡದೆ ಸಹಿಸುತ್ತಾರೆ. ರೈಲ್ವೆಯವಳೆಂದುಕೊಂಡರೋ ಏನೋ, ಮೂವರೂ ಬಾಗಿದರು. ಲೆಕ್ಕದ ಅನುಕೂಲಕ್ಕೆ ನಲವತ್ತೆಂಟು ಇಂಚು ಎಂದು ಹಿಡಿದೆವು. ಮೂವರಾದರೆ ಹದಿನಾರು, ನಾಲ್ವರಾದರೆ ಹನ್ನೆರಡು; ಟೇಪಿನ ಮೇಲೆ ಎರಡು ಗೆರೆ ಎಳೆದೆ. ಹದಿನಾರರಲ್ಲಿ ಹನ್ನೆರಡು ಅಂದರೆ ಮುಕ್ಕಾಲು ಸೀಟು. "ಪ್ರತಿಯೊಬ್ಬರಿಗೂ ಹನ್ನೆರಡು ಇಂಚು" ಎಂದು ಹಿಂದಿಯಲ್ಲಿ ಘೋಷಿಸಿದೆ.

ನಡುವೆ ಕುಳಿತಿದ್ದ ದಷ್ಟಪುಷ್ಟ ಮಹಿಳೆ ತಮ್ಮನ್ನು ತಾವು ಒಮ್ಮೆ ನೋಡಿಕೊಂಡರು. "ಬಾರಾ ಇಂಚ್ ಮೇ ಮೇರಾ ಕ್ಯಾ ಹೋಗಾ? ಬಾಕೀ ಕೋ ಘರ್ ಛೋಡ್ ಕೇ ಆವೂಂ?" ಹನ್ನೆರಡು ಇಂಚಿನಲ್ಲಿ ನನಗೇನಾದೀತು, ಉಳಿದದ್ದನ್ನು ಮನೆಯಲ್ಲಿ ಬಿಟ್ಟು ಬರಲೇ ಎಂದು ಕೇಳಿದರು.

ಎದುರು ಸಾಲಿನಿಂದ ಯಾರೋ, "ದೋ ಟಿಕಟ್ ನಿಕಾಲೋ ಆಂಟೀ", ಎರಡು ಟಿಕೆಟ್ ತೆಗೆಸಿ, ಎಂದರು. ಆಂಟಿ ಅವರ ಕಡೆಗೆ ತಿರುಗಿ, "ತೂ ಅಪನಾ ದೇಖ್, ಖಂಬೇ", ನಿನ್ನದು ನೋಡಿಕೋ ಕಂಬವೇ, ಎಂದರು. ಕಿಟಕಿಯ ಬಳಿಯ ತೆಳ್ಳನೆಯ ಕಾಲೇಜು ಹುಡುಗಿ, ತನಗೆ ಎಂಟು ಇಂಚು ಧಾರಾಳವಾಯಿತು, ಉಳಿದದ್ದು ಆಂಟಿಗೆ ಇರಲಿ ಎಂದಳು. ಸಮಾನತೆ ಬೇರೆ, ಅಗತ್ಯಕ್ಕೆ ತಕ್ಕ ಹಂಚಿಕೆ ಬೇರೆ ಎಂಬ ನನ್ನ ಅರ್ಧ ಬದುಕಿನ ಚರ್ಚೆ ರಬಾಳೆ ಸ್ಟೇಷನ್ನು ಬರುವುದರೊಳಗೆ ಒಂದು ಬೆಂಚಿನ ಮೇಲೆ ಇತ್ಯರ್ಥವಾಗುತ್ತಿತ್ತು. ಭಾಗಮ್ಮ ಟೇಪನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಈ ಅಕ್ಕಂದು ನಾಕ ಇಂಚು ಈ ಆಂಟಿಗಿ. ಆಂಟಿಗಿ ಪೂರಾ ಸೀಟು. ಅಕ್ಕಗ ಅರ್ಧ. ನಿಮಗ ಮುಕ್ಕಾಲು, ಆಕಿಗಿ ಮುಕ್ಕಾಲು." ಬೆರಳು ಮಡಚಿದಳು. "ಕೂಡಿದ್ರ ಮೂರ ಸೀಟು. ಸರಿ ಬಂತಲ್ರಿ?"

ಸರಿಯಾಗಿಯೇ ಬಂದಿತ್ತು. ನಾನು ಕುಳಿತೆ. ಕೋಪರಖೈರಣೆಯಲ್ಲಿ ಕಾಲೇಜು ಹುಡುಗಿ ಇಳಿದಳು. ಉಳಿದ ಮೂವರೂ, ನಮಗೆ ತಿಳಿಯದ ಹಾಗೆ, ಉಬ್ಬಿದ ಪೂರಿಗಳಂತೆ ಅಗಲವಾದೆವು. ಭಾಗಮ್ಮ ನಮ್ಮನ್ನೇ ನೋಡುತ್ತ ನಿಂತಳು. ಬಾಗಿಲ ಕಡೆ ನೋಡಿದಳು, ಮತ್ತೆ ಬೆಂಚು ನೋಡಿದಳು.

"ಅಕ್ಕೋರ, ಒಬ್ಬಾಕಿ ಇಳದ್ಳು. ಎಲ್ಲಾರ ಪಾಲು ದೊಡ್ಡದಾತು."

"ಹೌದು."

"ಹಂಗಾರ ನಾಕಕ್ಕಿಂತ ಮೂರ ಚಲೋ."

ವಾರಿಜಕ್ಕ ಹಿಡಿಕೆಗೆ ಜೋತುಬಿದ್ದು ತುಳುವಿನಲ್ಲಿ ಏನೋ ಗೊಣಗಿದರು. ದೇವರ ಹೆಸರಿತ್ತೆಂದು ಮಾತ್ರ ತಿಳಿಯಿತು.

ಇನ್ನು ಶೇಕಡಾ. ಈ ಶಬ್ದ ಮಕ್ಕಳಿಗೆ ಹಿಡಿಸಲೇ ಇಲ್ಲ. ಮರಾಠಿಯಲ್ಲಿ ಶೇಕಡಾಕ್ಕೆ 'ಟಕ್ಕೆ' ಎನ್ನುತ್ತಾರೆ, ಹೆಡ್‌ಮಾಸ್ತರರು ಹಾಗೆಯೇ ಕೇಳುತ್ತಾರೆ ಎಂದೆ. ತರಗತಿಯಲ್ಲಿ ನಗೆಯ ಅಲೆ ಎದ್ದಿತು. ಬೋಳುತಲೆಯವನಿಗೆ ಇಲ್ಲಿ 'ಟಕ್ಲಾ' ಎನ್ನುತ್ತಾರಲ್ಲ, ಟಕ್ಕೆ ಎಂದರೆ ಬೋಳಾದದ್ದರ ಲೆಕ್ಕ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ದೇಹದ ಲಕ್ಷಣವನ್ನು ಹಾಸ್ಯದ ವಸ್ತುವಾಗಿಸುವುದು ಹಿಂಸೆಯ ಮೊದಲ ರೂಪ ಎಂದು ನಾನು ವಿವರಿಸಲು ತೊಡಗಿದಾಗಲೇ, ಇಡ್ಲಿಯ ಡಬ್ಬಿ ಹಿಡಿದುಕೊಂಡು ವಾರಿಜಕ್ಕನ ಗಂಡ ಭೋಜಣ್ಣ ಮೆಟ್ಟಿಲು ಹತ್ತಿ ಬಂದರು. ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರು. ಮುಂದಲೆ ನುಣ್ಣಗೆ ಹೊಳೆಯುತ್ತಿತ್ತು. ಇಡೀ ತರಗತಿ ಆ ತಲೆಯನ್ನು ಗೌರವದಿಂದ ನೋಡಿತು.

"ಎಂಥ, ಎಲ್ಲ ನನ್ನ ತಲೆ ನೋಡುದು?" ಎಂದರು ಭೋಜಣ್ಣ.

"ಲೆಕ್ಕ ಮಾಡ್ಲಿಕ್ಕೆ" ಎಂದರು ವಾರಿಜಕ್ಕ. "ಮದುವೆ ದಿನ ನೂರಕ್ಕೆ ನೂರು ಇತ್ತು. ಈಗ ಎಷ್ಟು ಉಂಟು ಹೇಳಿ ಮಕ್ಕಳೇ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಭೋಜಣ್ಣ ಡಬ್ಬಿ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತು ತಲೆ ಬಗ್ಗಿಸಿದರು. "ಇರ್ಲಿ ಮಾರಾಯ್ರೆ. ಇಷ್ಟು ವರ್ಷದಲ್ಲಿ ಇದ್ರಿಂದ ಯಾರಿಗೂ ಒಂದು ಉಪಕಾರ ಆಗ್ಲಿಲ್ಲ." ಮಕ್ಕಳು ಸೀಮೆಸುಣ್ಣದಿಂದ ಕಪ್ಪುಹಲಗೆಯ ಮೇಲೆ ಆ ತಲೆಯನ್ನು ಬರೆದು, ನೂರು ಚೌಕ ಎಳೆದು, ಕೂದಲಿಲ್ಲದ ಚೌಕಗಳನ್ನು ಎಣಿಸಿದರು. ಇಪ್ಪತ್ತೈದು ಬಂತು. ಇಪ್ಪತ್ತೈದು ಟಕ್ಕೆ ಎಂದರೆ ಕಾಲು, ಮರಾಠಿಯಲ್ಲಿ ಪಾವ್. "ಬರೀ ಕಾಲಾ?" ಎಂದು ಭೋಜಣ್ಣ ಸಂತೋಷದಿಂದ ತಲೆ ಸವರಿಕೊಂಡರು. "ನಾನು ಅರ್ಧ ಹೋಯ್ತು ಅಂತ ಹೆದರಿ ಇದ್ದೆ." ಆ ದಿನ ಹೆಂಡತಿಗಿಂತ ಮೊದಲು ಅವರೇ ಮಕ್ಕಳಿಗೆ ಚಟ್ನಿ ಬಡಿಸಿದರು.

ಪರೀಕ್ಷೆಯ ದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ನಾನು, ವಾರಿಜಕ್ಕ, ನಡುವೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದ ಭಾಗಮ್ಮ. ಮೂಲೆಯಲ್ಲೊಬ್ಬರು ಗುಮಾಸ್ತರು. ಹೆಡ್‌ಮಾಸ್ತರರು ಹಲಗೆಯ ಮೇಲೆ ಮೂರನೆಯ ಒಂದು, ನಾಲ್ಕನೆಯ ಒಂದು ಬರೆದು, ಯಾವುದು ದೊಡ್ಡದು ಎಂದು ಕೇಳಿದರು. ಭಾಗಮ್ಮ ಹಲಗೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿದಳು. ತುಟಿ ಅಲುಗಾಡುತ್ತಿತ್ತು. ನನ್ನ ಕಣ್ಣ ಮುಂದೆ ಅವಳ ತಾಯಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬಿದಿರಿನ ಏಣಿ ಹತ್ತುವುದು ಕಾಣಿಸಿತು.

"ತೀನ್" ಎಂದಳು ಕಣ್ಣು ತೆರೆದು. ಹರುಕು ಮರಾಠಿಯಲ್ಲೇ ಕಾರಣವನ್ನೂ ಹೇಳಿದಳು: "ಚೌಥೀ ಆಲೀ ಕೀ ಕಮೀ ಹೋತಂ." ನಾಲ್ಕನೆಯವಳು ಬಂದರೆ ಕಡಿಮೆಯಾಗುತ್ತದೆ.

ಯಾವ ನಾಲ್ಕನೆಯವಳೆಂದು ಹೆಡ್‌ಮಾಸ್ತರರಿಗೆ ಅರ್ಥವಾಗಲಿಲ್ಲ. ಉತ್ತರ ಸರಿಯಿದ್ದುದರಿಂದ ಮುಂದೆ ಹೋದರು. "ಪಂಚವೀಸ್ ಟಕ್ಕೆ ಮ್ಹಣಜೆ ಕಿತೀ?" ಇಪ್ಪತ್ತೈದು ಟಕ್ಕೆ ಎಂದರೆ ಎಷ್ಟು?

"ಪಾವ್. ಭೋಜಣ್ಣಾಚಂ ಡೋಕಂ."

ಭೋಜಣ್ಣನ ತಲೆ ಎಂದರೇನೆಂದು ಅವರು ನನ್ನ ಕಡೆ ನೋಡಿದರು. ಅದು ನಮ್ಮ ಬೋಧನೋಪಕರಣ ಎಂದೆ. ವಾರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬರಂ. ಪಂಚ್ಯಾಹತ್ತರ್ ಟಕ್ಕೆ?"

ಎಪ್ಪತ್ತೈದು. ಇಲ್ಲಿ ನಾನು ನಿಮಗೆ ಹೇಳಲೇಬೇಕಾದ ಸಂಗತಿಯೊಂದಿದೆ: ಹೆಡ್‌ಮಾಸ್ತರರ ತಲೆಯ ಹಿಂಭಾಗದಲ್ಲಿ ಮಾತ್ರ, ಕಿವಿಯಿಂದ ಕಿವಿಗೆ, ಅಂಗಳಕ್ಕೆ ಹಾಕಿದ ಬೇಲಿಯಂತೆ ಕೂದಲಿತ್ತು. ಭಾಗಮ್ಮನ ದೃಷ್ಟಿ ನಿಧಾನವಾಗಿ ಮೇಲೇರಿತು. ನಾನು ಮೇಜಿನ ಕೆಳಗಿಂದ ಅವಳ ಕೈ ಹಿಡಿದೆಳೆದೆ. ತಡವಾಗಿತ್ತು.

"ಪಾಊಣ್" ಎಂದಳು. ಮುಕ್ಕಾಲು. ಆಮೇಲೆ ಭಯಭಕ್ತಿಯಿಂದ ಸೇರಿಸಿದಳು: "ತುಮಚಂ." ನಿಮ್ಮದು.

ಹೆಡ್‌ಮಾಸ್ತರರ ಅಂಗೈ ತಾನಾಗಿಯೇ ತಲೆಯ ಮೇಲೆ ಹೋಗಿ ಗಡಿಗಳನ್ನು ಪರಿಶೀಲಿಸಿತು. "ಸಾಠ್" ಎಂದರು ಗಂಭೀರವಾಗಿ. ಅರವತ್ತು.

"ಪಾಊಣ್, ಸರ್" ಎಂದರು ಮೂಲೆಯಿಂದ ಗುಮಾಸ್ತರು, ಕಡತದಿಂದ ತಲೆಯೆತ್ತದೆ.

ಹೆಡ್‌ಮಾಸ್ತರರು ನಗಲಿಲ್ಲ. ಅವರು ಲೆಕ್ಕದ ಮನುಷ್ಯರು; ಸರಿ ಉತ್ತರಕ್ಕೆ ಸರಿ ಎಂದರು. ಆಮೇಲೆ ಹಾಜರಿ ಪುಸ್ತಕದ ಕಡೆ ನೋಡಿ ನಿಟ್ಟುಸಿರುಬಿಟ್ಟರು. ಹುಡುಗಿಗೆ ಲೆಕ್ಕ ಬರುತ್ತದೆ, ಆದರೆ ಆರನೆಯ ತರಗತಿಯಲ್ಲಿ ಬೆಂಚಿಗೆ ಮೂವರಂತೆ ತುಂಬಿದೆ, "ಬಾಕಾವರ್ ಜಾಗಾ ನಾಹೀ" ಎಂದರು. ಬೆಂಚಿನ ಮೇಲೆ ಜಾಗವಿಲ್ಲ. ಎರಡನೆಯ ತರಗತಿಯಲ್ಲಿ ಬೇಕಾದಷ್ಟು ಜಾಗವಿದೆ.

ಶಿಕ್ಷಣದ ಹಕ್ಕನ್ನು ಮರದ ಹಲಗೆಯ ಉದ್ದಕ್ಕೆ ಕಟ್ಟಿಹಾಕುವುದರ ಬಗ್ಗೆ ನನ್ನ ಬಳಿ ಒಂದು ದೀರ್ಘ ವಾಕ್ಯ ಸಿದ್ಧವಾಗಿತ್ತು. ನಾನು ಅದರ ಮೊದಲ ಪದವನ್ನು ಹೇಳುವಷ್ಟರಲ್ಲಿ ಭಾಗಮ್ಮ ಒಂದು ಹೆಜ್ಜೆ ಮುಂದಿಟ್ಟಿದ್ದಳು.

"ಚೌಥೀ ಸೀಟ್ ಚಾಲೇಲ್, ಸರ್."

ನಾಲ್ಕನೆಯ ಸೀಟಾದರೂ ಆದೀತು. ಹೆಡ್‌ಮಾಸ್ತರರು ಪೆನ್ನು ಹಿಡಿದುಕೊಂಡು ಅವಳನ್ನು ನೋಡಿದರು. ಅವರೂ ದಿನವೂ ರೈಲಿನಲ್ಲಿ ಬರುವವರೇ. ಆಗ ಮೊದಲ ಸಲ, ಮೀಸೆಯ ಒಂದು ತುದಿ, ಸುಮಾರು ಕಾಲು ಭಾಗದಷ್ಟು, ಮೇಲಕ್ಕೆದ್ದಿತು. ಗುಮಾಸ್ತರಿಗೆ ಹೆಸರು ಬರೆದುಕೊಳ್ಳಲು ಹೇಳಿದರು.

ನಾವು ತರಗತಿಯ ಬಾಗಿಲವರೆಗೂ ಹೋದೆವು. ಭಾಗಮ್ಮ ನೇರ ಕಿಟಕಿಯ ಪಕ್ಕದ ಬೆಂಚಿಗೆ ನಡೆದು, ತುದಿಯಲ್ಲಿದ್ದ ಹುಡುಗಿಯ ಮಂಡಿಯ ಮೇಲೆ ಎರಡು ಬೆರಳಿನಿಂದ ತಟ್ಟಿ, "ಸರಕ್" ಎಂದಳು. ಮೂವರೂ ಸರಿದರು. ಎರಡು ತಿಂಗಳ ನಂತರ ಹೊಸ ಬೆಂಚು ಬಂತಂತೆ. ಅಲ್ಲಿಗೆ ಹೋಗು ಎಂದರೆ ಇವಳು ಒಲ್ಲೆ ಎಂದಳಂತೆ, ಆ ಮೂವರೂ ಇವಳನ್ನು ಬಿಡಲೊಲ್ಲರಂತೆ. ಹೊಸ ಬೆಂಚಿನ ಮೇಲೆ ನಾಲ್ವರ ಚೀಲಗಳು ಕುಳಿತವಂತೆ. ಮುಂದೆ ಅವಳು ಅದೇ ಶಾಲೆಯಲ್ಲಿ ಓದು ಮುಗಿಸಿದಳು. ಆಮೇಲೆ ಅವರ ಕುಟುಂಬ ಠಾಣೆಯಾಚೆಯ ಕಲ್ಯಾಣದ ಕಡೆಗೆ ಹೋಯಿತು.

ಟೇಪು ಮಾತ್ರ ನನ್ನ ಚೀಲದಲ್ಲೇ ಉಳಿಯಿತು. ಹೋದ ವಾರ ಸೇತುವೆಯ ಮೇಲಿಂದಲೇ ವಾರಿಜಕ್ಕನಿಗೆ ಫೋನ್ ಮಾಡಿ ಸಿಕ್ಕಿತೆಂದು ಹೇಳಿದೆ. "ಅಯ್ಯೋ ದೇವರೇ" ಎಂದರು, "ಟೇಪು ಕಳೆದದ್ದು ಇವರೇ ಅಂತ ನಾನು ಇಷ್ಟು ವರ್ಷ ಇವರಿಗೆ ಬೈದದ್ದು ವೇಸ್ಟ್ ಆಯ್ತಲ್ಲ." ಹಿಂದಿನಿಂದ ಭೋಜಣ್ಣನ ದನಿ ಬಂತು: "ಅದೇ ಟೆನ್ಶನ್‌ನಲ್ಲಿ ಕೂದಲು ಹೋದದ್ದು ಅಂತ ಹೇಳು ಅವರಿಗೆ." ಈಗ ಎಷ್ಟು ಟಕ್ಕೆ ಎಂದು ಕೇಳಿದೆ. ಎಣಿಸಲು ಬನ್ನಿ ಎಂದರು.

ಕೊಟ್ಟು ಬರೋಣವೆಂದು ವಾಶಿಯ ರೈಲು ಹತ್ತಿದೆ. ಹೆಂಗಸರ ಡಬ್ಬಿ ತುಂಬಿತ್ತು. ಒಂದು ಬೆಂಚಿನ ಮೇಲೆ ಮೂವರು, ಮೂವರೂ ಫೋನಿನೊಳಗೆ. ಎಷ್ಟೋ ವರ್ಷ ನಾನು ಇಂಥ ಬೆಂಚುಗಳ ಮುಂದೆ ನಿಂತು, ನಾಲ್ಕನೆಯವಳ ಪರವಾಗಿ, ಹಂಚಿಕೆಯ ನೀತಿಯನ್ನು ಮನವರಿಕೆ ಮಾಡಿಕೊಟ್ಟಿದ್ದೇನೆ. ಭಾಷಣ ಮುಗಿಯುವ ಹೊತ್ತಿಗೆ ಇಳಿಯುವ ಸ್ಟೇಷನ್ನು ಬಂದಿರುತ್ತಿತ್ತು. ಬೆಂಚು ಚಿಕ್ಕದೆಂಬ ನನ್ನ ದೂರು ಇಂದಿಗೂ ಹಾಗೆಯೇ ಇದೆ, ಅದನ್ನು ಹಿಂತೆಗೆದುಕೊಂಡಿಲ್ಲ. ಆದರೆ ಆ ದಿನ ಮಾತು ಬೇಡವೆನಿಸಿತು. ತುದಿಯಲ್ಲಿದ್ದವಳ ಮಂಡಿಯ ಮೇಲೆ ಎರಡು ಬೆರಳಿನಿಂದ ತಟ್ಟಿ, "ಸರ್ಕೋ" ಎಂದೆ.

ಅವರು ಸರಿದರು. ಟೇಪು ಚೀಲದಲ್ಲೇ ಇತ್ತು, ಅಳೆಯಲಿಲ್ಲ. ಅಂದಾಜು ಹೇಳುವುದಾದರೆ ಮುಕ್ಕಾಲು ನಾನು ಸೀಟಿನ ಮೇಲಿದ್ದೆ. ಒಂದು ಕಾಲು ಹೊರಗಿತ್ತು.